ಕರಿಕಲ್ಲಿನ ಕಂಟೇನರ್ ಬಂದರಿನಲ್ಲಿ ಯಾಕೆ ಕಾಯುತ್ತೆ? ತಪಾಸಣೆ ಬೇಗ ಮುಗಿಸೋದು ಹೇಗೆ?

ಪಾಡ್‌ಕಾಸ್ಟ್ ಕಂತಿನ ಬರಹ ರೂಪ

ಚಾಮರಾಜನಗರ ಜಿಲ್ಲೆಗೆ ಸಮುದ್ರ ಇಲ್ಲ. ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೋ ಊಟಿ ಕಡೆಗೋ ಹೊರಟರೆ ಮೊದಲು ಸಿಗೋದು ಕಾಡು. ಆದರೆ ನಮ್ಮ ನೆಲದಿಂದ ತೆಗೆದ ಕರಿಕಲ್ಲು ಸಮುದ್ರ ದಾಟಿ ಹೋಗಿ ಬೇರೆ ಬೇರೆ ದೇಶಗಳಲ್ಲಿ ಸ್ಮಾರಕ ಶಿಲೆಯಾಗಿ ನಿಂತಿದೆ. ಕಲ್ಲಿನ ವ್ಯಾಪಾರದವರು ‘ಚಾಮರಾಜನಗರ ಬ್ಲ್ಯಾಕ್’ ಅಂತ ಹೆಸರಿಟ್ಟೇ ಅದನ್ನ ಕೇಳಿ ಪಡೀತಾರೆ. ನಮ್ಮ ಅರಿಶಿನವೂ ಈರೋಡಿನ ಮಾರುಕಟ್ಟೆ ಸೇರಿ, ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತೆ.

ಇದೆಲ್ಲ ಹೋಗೋದು ಕಬ್ಬಿಣದ ಪೆಟ್ಟಿಗೆಯಲ್ಲಿ, ಅಂದ್ರೆ ಕಂಟೇನರ್‌ನಲ್ಲಿ. ಆ ಪೆಟ್ಟಿಗೆ ಹಡಗು ಹತ್ತೋ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಒಳಗೆ ಇರೋದು ಕಾಗದದಲ್ಲಿ ಬರೆದಿರೋದೇನಾ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದರ ಮೇಲೆ ಒಬ್ಬ ಸಣ್ಣ ಗ್ರಾನೈಟ್ ಘಟಕದ ಮಾಲೀಕನ ಲಾಭ ನಿಂತಿದೆ, ಲಾರಿ ಚಾಲಕನ ಎರಡು ರಾತ್ರಿ ನಿದ್ದೆ ನಿಂತಿದೆ. ಹಡಗು ತಪ್ಪಿದ್ರೆ ಮುಂದಿನ ಹಡಗಿಗೆ ಕಾಯಬೇಕು. ಕಾಯೋ ದಿನಕ್ಕೆ ಡೆಮರೇಜ್ ಕಟ್ಟಬೇಕು. ಇವತ್ತಿನ ಕಂತಿನಲ್ಲಿ ಈ ತಪಾಸಣೆ ಹೇಗೆ ನಡೆಯುತ್ತೆ, ಎಲ್ಲಿ ಸಿಕ್ಕಿಕೊಳ್ಳುತ್ತೆ, ಕಳ್ಳರಿಗೆ ದಾರಿ ಬಿಡದೇ ಅದನ್ನ ಬೇಗ ಮಾಡೋದು ಹೇಗೆ, ಅದನ್ನ ಬಿಡಿಸಿ ಹೇಳ್ತೀನಿ.

ಎಲ್ಲ ಪೆಟ್ಟಿಗೆಯನ್ನೂ ಬಿಚ್ಚಿ ನೋಡಿದ್ರೆ ಆಗಲ್ವಾ?

ಬಹಳ ಜನ ಕೇಳೋ ಮೊದಲ ಪ್ರಶ್ನೆ ಇದು. ಕೇಳೋದರಲ್ಲಿ ನ್ಯಾಯವೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ, ಅಂದ್ರೆ ಡಿಆರ್‌ಐ, ಎರಡು ಕಂಟೇನರ್‌ಗಳನ್ನ ತೆಗೆದು ನೋಡ್ತು. ಅಫ್ಘಾನಿಸ್ತಾನದ ಮಾಲು, ಇರಾನಿನ ಬಂದರ್ ಅಬ್ಬಾಸ್ ಮೂಲಕ ಬಂದಿತ್ತು. ಕಾಗದದಲ್ಲಿ ಬರೆದಿದ್ದು ಟಾಲ್ಕ್ ಕಲ್ಲು ಅಂತ. ಒಳಗೆ ಸಿಕ್ಕಿದ್ದು ಸುಮಾರು 3,000 ಕಿಲೋ ಹೆರಾಯಿನ್. ಕಲ್ಲಿನ ಹೆಸರಲ್ಲೇ ಬಂದಿತ್ತು, ಗಮನಿಸಿ. ಆಮದಿನಲ್ಲಿ ಹೀಗಾದ್ರೆ, ರಫ್ತಿನಲ್ಲಿ ರಕ್ತಚಂದನದ ಕಾಟ. ಬೇರೆ ಸರಕಿನ ಹೆಸರು ಹೇಳಿ ಹೊರಟ ಕಂಟೇನರ್‌ಗಳಲ್ಲಿ ರಕ್ತಚಂದನದ ದಿಮ್ಮಿ ಸಿಕ್ಕಿದ ಪ್ರಕರಣಗಳು ಒಂದೆರಡಲ್ಲ. ಹಾಗಾಗಿ ಅಧಿಕಾರಿಗಳಿಗೆ ಸಂಶಯ ಬರೋದು ತಪ್ಪಲ್ಲ.

ಆದರೂ ಎಲ್ಲವನ್ನೂ ಬಿಚ್ಚೋಕಾಗಲ್ಲ. 27 ಟನ್ ಕಲ್ಲು ತುಂಬಿದ ಕಂಟೇನರ್ ಬಿಚ್ಚೋದು ಅಂದ್ರೆ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡೋದಲ್ಲ. ಯಂತ್ರ ತರಬೇಕು, ಕಟ್ಟಿರೋ ಬೆಲ್ಟು, ಮರದ ಆಧಾರ ಎಲ್ಲ ಬಿಚ್ಚಬೇಕು, ಒಂದೊಂದೇ ಕಟ್ಟನ್ನ ಇಳಿಸಬೇಕು, ಮತ್ತೆ ಅದೇ ಥರ ಜೋಡಿಸಿ ಬಿಗಿಯಬೇಕು. ಪಾಲಿಶ್ ಆದ ಎರಡು ಸೆಂಟಿಮೀಟರ್ ದಪ್ಪದ ಸ್ಲ್ಯಾಬ್‌ನ ಮೂಲೆ ಚೂರು ಹಾರಿದ್ರೂ ಖರೀದಿದಾರ ಅದನ್ನ ತಗೊಳ್ಳಲ್ಲ. ಸರಿಯಾಗಿ ಬಿಗಿಯದೇ ಕಳಿಸಿದ್ರೆ ಹಡಗು ಓಲಾಡುವಾಗ ಒಳಗಿನ ಕಲ್ಲು ಜಾರುತ್ತೆ, ಅದು ಇನ್ನೂ ಅಪಾಯ.

ಅಮೆರಿಕ ಇದನ್ನ ಕಾನೂನು ಮಾಡಿಯೇ ನೋಡ್ತು. ತನ್ನ ದೇಶಕ್ಕೆ ಬರೋ ಪ್ರತಿಯೊಂದು ಕಂಟೇನರನ್ನೂ ಹೊರಡೋ ಬಂದರಿನಲ್ಲೇ ಸ್ಕ್ಯಾನ್ ಮಾಡಬೇಕು ಅಂತ 2007ರಲ್ಲಿ ಕಾನೂನು ಬಂತು. 2012ರ ಗಡುವನ್ನೂ ಇಟ್ಟರು. ಆ ಗಡುವು ಮುಂದಕ್ಕೆ ಹೋಗ್ತಾನೇ ಬಂತು, ನೂರಕ್ಕೆ ನೂರು ಸ್ಕ್ಯಾನ್ ಆಗಲೇ ಇಲ್ಲ. ಅಷ್ಟು ಹಣ, ಅಷ್ಟು ಯಂತ್ರ ಇರೋರಿಗೇ ಸಾಧ್ಯ ಆಗಲಿಲ್ಲ. ಯಾಕೆ ಅನ್ನೋದು ಒಂದು ಸಣ್ಣ ಲೆಕ್ಕದಲ್ಲಿ ಗೊತ್ತಾಗುತ್ತೆ.

ಹತ್ತು ಸಾವಿರದಲ್ಲಿ ಹತ್ತು

ಇದು ಅರ್ಥಕ್ಕೋಸ್ಕರ ನಾನೇ ಇಟ್ಟುಕೊಂಡ ಲೆಕ್ಕ. 10,000 ಕಂಟೇನರ್ ಇವೆ, ಅದರಲ್ಲಿ 10ರಲ್ಲಿ ಕಳ್ಳಮಾಲು ಇದೆ ಅಂದ್ಕೊಳ್ಳಿ. ಸ್ಕ್ಯಾನರ್ ಒಳ್ಳೇದೇ, ನೂರಕ್ಕೆ 90 ಸಲ ಕಳ್ಳಮಾಲನ್ನ ಹಿಡಿಯುತ್ತೆ. ಆದರೆ ಸಾಚಾ ಮಾಲಿನಲ್ಲೂ ನೂರಕ್ಕೆ 5 ಸಲ ‘ಇಲ್ಲೇನೋ ಇದೆ’ ಅಂತ ಬೆರಳು ತೋರಿಸುತ್ತೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿದ್ರೆ ಹತ್ತರಲ್ಲಿ 9 ಕಳ್ಳಮಾಲು ಸಿಗುತ್ತೆ. ಅದರ ಜೊತೆ ಸುಮಾರು 500 ಸಾಚಾ ಕಂಟೇನರ್‌ಗಳ ಮೇಲೂ ಸಂಶಯ ಬೀಳುತ್ತೆ. ಯಾವುದು ಯಾವುದು ಅಂತ ಮೊದಲೇ ಗೊತ್ತಿಲ್ಲವಲ್ಲ, ಹಾಗಾಗಿ 509ನ್ನೂ ಬಿಚ್ಚಬೇಕು. ಒಂದಕ್ಕೆ ನಾಲ್ಕು ಗಂಟೆ ಅಂದ್ರೂ ಎರಡು ಸಾವಿರ ಗಂಟೆ ದಾಟುತ್ತೆ.

ಈಗ ಇನ್ನೊಂದು ದಾರಿ ನೋಡಿ. ಕಾಗದಪತ್ರ, ಹಳೇ ದಾಖಲೆ, ಹೊರಟ ಜಾಗ, ಹೋಗೋ ಜಾಗ ಎಲ್ಲ ನೋಡಿ ಮೊದಲು ಅನುಮಾನದ 1,000 ಕಂಟೇನರ್ ಬೇರೆ ಮಾಡಿಕೊಂಡ್ರಿ. ಆ ಆಯ್ಕೆ ಚೆನ್ನಾಗಿದ್ದು, ಹತ್ತರಲ್ಲಿ 8 ಕಳ್ಳಮಾಲು ಅದರೊಳಗೇ ಇವೆ ಅಂದ್ಕೊಳ್ಳಿ. ಆ ಸಾವಿರವನ್ನ ಮಾತ್ರ ಸ್ಕ್ಯಾನ್ ಮಾಡಿದ್ರೆ 7 ಸಿಗುತ್ತೆ, ಸುಳ್ಳು ಸಂಶಯ ಸುಮಾರು 50. ಬಿಚ್ಚಬೇಕಾದ್ದು 57. ಸಮಯ 228 ಗಂಟೆ. ಕೆಲಸ ಒಂಬತ್ತನೇ ಒಂದು ಭಾಗಕ್ಕೆ ಇಳೀತು, ಕೈತಪ್ಪಿದ್ದು ಮೂರು, ಅದರಲ್ಲಿ ಎರಡು ಆಯ್ಕೆಯ ಹೊರಗೇ ಉಳಿದವು. ಆ ಎರಡಕ್ಕಾಗಿಯೇ ಉಳಿದ 9,000ದಲ್ಲಿ ಒಂದಿಷ್ಟನ್ನ ಚೀಟಿ ಎತ್ತಿದ ಹಾಗೆ ಆರಿಸಿ ನೋಡ್ತಾರೆ. ‘ನಮ್ಮ ದಾರಿ ಯಾವತ್ತೂ ಸಲೀಸು’ ಅನ್ನೋ ಧೈರ್ಯ ಯಾರಿಗೂ ಬರಬಾರದು ನೋಡಿ, ಅದಕ್ಕೆ.

ನಮ್ಮ ದೇಶದ ಕಸ್ಟಮ್ಸ್ ಇಲಾಖೆ ಹಿಡಿದಿರೋ ದಾರಿಯೂ ಇದೇ. ಆಮದಿಗೆ 2005ರಲ್ಲಿ, ರಫ್ತಿಗೆ 2013ರಲ್ಲಿ ‘ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್’ ಬಂತು. ನೀವು ಶಿಪ್ಪಿಂಗ್ ಬಿಲ್ಲನ್ನ ಆನ್‌ಲೈನ್‌ನಲ್ಲಿ ಹಾಕಿದ ಕೂಡಲೇ ಕಂಪ್ಯೂಟರ್ ಅದನ್ನ ತೂಗಿ ನೋಡುತ್ತೆ. ಇದನ್ನ ಹಾಗೇ ಬಿಡಬಹುದು, ಇದರ ಕಾಗದ ನೋಡಬೇಕು, ಇದರ ಮಾಲನ್ನೇ ನೋಡಬೇಕು ಅಂತ ವಿಂಗಡಿಸುತ್ತೆ. ಯಾವ ಕಾರಣಕ್ಕೆ ಆರಿಸ್ತು ಅಂತ ಹೊರಗೆ ಹೇಳಲ್ಲ. ಹೇಳಿದ್ರೆ ಕಳ್ಳರು ಕಲಿತುಬಿಡ್ತಾರೆ.

ಕಲ್ಲಿನ ಮುಂದೆ ಎಕ್ಸ್‌ರೇ ಕುರುಡು

ನಮ್ಮ ಜಿಲ್ಲೆಯ ಮಾಲಿಗೆ ಇಲ್ಲೊಂದು ವಿಶೇಷ ತೊಡಕಿದೆ.

ಬಂದರಿನ ಸ್ಕ್ಯಾನರ್ ಅಂದ್ರೆ ಆಸ್ಪತ್ರೆಯ ಎಕ್ಸ್‌ರೇಯ ಅಣ್ಣ. ಶಕ್ತಿ ಬಹಳ ಜಾಸ್ತಿ. ಲಾರಿ ನಿಧಾನಕ್ಕೆ ಹಾದುಹೋಗೋ ಹೊತ್ತಿಗೆ ಚಿತ್ರ ಸಿದ್ಧ. ದೊಡ್ಡ ಯಂತ್ರಗಳು ಸುಮಾರು 300ರಿಂದ 400 ಮಿಲಿಮೀಟರ್ ಉಕ್ಕಿನ ಆಚೆಗೂ ನೋಡಬಲ್ಲವು. ಸಾವಯವ ವಸ್ತು ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ ಕಾಣೋ ಹಾಗೆ ಬಣ್ಣ ಕೊಡೋ ಯಂತ್ರಗಳೂ ಇವೆ. ಅರಿಶಿನದ ಚೀಲ ತುಂಬಿದ ಕಂಟೇನರ್ ಇಂಥದ್ದರ ಮುಂದೆ ತೆರೆದ ಪುಸ್ತಕ. ಎಲ್ಲ ಒಂದೇ ಬಣ್ಣ, ಒಂದೇ ಹರವು. ನಡುವೆ ಬೇರೆ ಏನಿದ್ರೂ ಎದ್ದು ಕಾಣುತ್ತೆ.

ಕರಿಕಲ್ಲು ಹಾಗಲ್ಲ. ಒಂದು ಘನ ಮೀಟರ್ ಕರಿಕಲ್ಲು ಹೆಚ್ಚುಕಮ್ಮಿ ಮೂರು ಟನ್ ತೂಗುತ್ತೆ, ಅಷ್ಟೇ ಉಕ್ಕು ಏಳೂಮುಕ್ಕಾಲು ಟನ್. ಎಕ್ಸ್‌ರೇಗೆ ತಡೆಯಾಗೋದು ಮುಖ್ಯವಾಗಿ ಈ ಭಾರ. ಆ ಲೆಕ್ಕದಲ್ಲಿ ಒಂದೂವರೆ ಮೀಟರ್ ದಪ್ಪದ ಕಲ್ಲಿನ ಬ್ಲಾಕ್ ಅಂದ್ರೆ 580 ಮಿಲಿಮೀಟರ್ ಉಕ್ಕಿಗೆ ಸಮ. ಯಂತ್ರದ ಶಕ್ತಿಯಾಚೆಗಿನ ಮಾತು ಅದು. ಚಿತ್ರದಲ್ಲಿ ಬರೀ ಕಪ್ಪು ಚೌಕ ಬರುತ್ತೆ. ಸ್ಲ್ಯಾಬ್ ತುಂಬಿದ ಕಂಟೇನರ್‌ನಲ್ಲೂ ಅಡ್ಡಡ್ಡಕ್ಕೆ ಒಂದು ಮೀಟರ್ ಹತ್ತಿರ ಕಲ್ಲು ಸಿಕ್ಕರೆ ಸುಮಾರು 385 ಮಿಲಿಮೀಟರ್ ಉಕ್ಕಿನ ಲೆಕ್ಕ ಆಯ್ತು, ಮಿತಿಗೆ ಮುಟ್ತು. ಚಿತ್ರ ಅರ್ಥ ಆಗಲಿಲ್ಲ ಅಂದ್ರೆ ಕೂತ ಅಧಿಕಾರಿ ಏನು ಮಾಡ್ತಾರೆ? ಬಿಚ್ಚಿ ಅಂತಾರೆ. ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ.

ಇನ್ನೊಂದು ಸಂಗತಿ. 20 ಅಡಿಯ ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತೆ. 27 ಟನ್ ಕಲ್ಲಿಗೆ ಬೇಕಾಗಿರೋದು 9 ಘನ ಮೀಟರ್ ಅಷ್ಟೇ. ಅಂದ್ರೆ ಕಲ್ಲಿನ ಕಂಟೇನರ್‌ನಲ್ಲಿ ಮುಕ್ಕಾಲು ಪಾಲು ಹತ್ತಿರ ಜಾಗ ಖಾಲಿ! ಗೊತ್ತಿಲ್ಲದವರಿಗೆ ಅದೇ ಅನುಮಾನ. ಗೊತ್ತಿದ್ದವರಿಗೆ ಅದೇ ಅನುಕೂಲ, ಯಾಕಂದ್ರೆ ಖಾಲಿ ಜಾಗವನ್ನ ಸ್ಕ್ಯಾನರ್ ಚೆನ್ನಾಗಿ ನೋಡುತ್ತೆ. ಅಲ್ಲಿ ಏನಾದ್ರೂ ತುರುಕಿದ್ರೆ ಕಂಡುಬಿಡುತ್ತೆ.

ಹಾಗಾದ್ರೆ ಕಲ್ಲೇ ಕಲ್ಲೋ ಅಲ್ಲವೋ ಅಂತ ನೋಡೋದು ಹೇಗೆ? ಇಲ್ಲಿ ಹಳೇ ವೇಬ್ರಿಡ್ಜೇ ದೊಡ್ಡ ಉಪಕರಣ. ಸ್ಲ್ಯಾಬ್‌ಗಳ ಉದ್ದ, ಅಗಲ, ದಪ್ಪ ಪ್ಯಾಕಿಂಗ್ ಪಟ್ಟಿಯಲ್ಲಿ ಇರುತ್ತೆ. ಗುಣಿಸಿದ್ರೆ ಘನ ಮೀಟರ್ ಸಿಗುತ್ತೆ, ಅದನ್ನ ಮೂರರಿಂದ ಗುಣಿಸಿದ್ರೆ ಟನ್. ತುಂಬಿದ ಕಂಟೇನರನ್ನ ತೂಗಿ ದೃಢಪಡಿಸಿದ ತೂಕ ಕೊಡದೇ ಹಡಗಿಗೆ ಹತ್ತಿಸಬಾರದು ಅನ್ನೋ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದಲೇ ಜಾರಿಯಲ್ಲಿದೆ. ಹಡಗಿನ ಸುರಕ್ಷತೆಗೆ ಅಂತ ಮಾಡಿದ ನಿಯಮ ಅದು, ತಪಾಸಣೆಗೂ ಬಳಸಬಹುದು. ಪಟ್ಟಿಯ ಲೆಕ್ಕ 27 ಟನ್, ವೇಬ್ರಿಡ್ಜ್ 21 ಅಂದ್ರೆ ಏನೋ ಎಡವಟ್ಟಾಗಿದೆ. ಎರಡೂ ತಾಳೆ ಆದ್ರೆ, ಕಲ್ಲನ್ನ ಪೂರ್ತಿ ಇಳಿಸಿ ಬೇರೆ ಮಾಲು ತುಂಬಿದ್ದಾರೆ ಅನ್ನೋ ಸಂಶಯ ಬಹಳಮಟ್ಟಿಗೆ ಹೋಯ್ತು.

ಆದರೆ ವೇಬ್ರಿಡ್ಜ್ ಎಲ್ಲವನ್ನೂ ಹಿಡಿಯಲ್ಲ. 27 ಟನ್ನಿನಲ್ಲಿ 200 ಕಿಲೋ ಅಂದ್ರೆ ನೂರಕ್ಕೆ ಒಂದೂ ಇಲ್ಲ, ಅಳತೆಯ ಹೆಚ್ಚುಕಮ್ಮಿಯಲ್ಲೇ ಕಳೆದುಹೋಗುತ್ತೆ. ಸಣ್ಣದಾಗಿ ಬಚ್ಚಿಟ್ಟದ್ದನ್ನ ಸ್ಕ್ಯಾನರ್ ಖಾಲಿ ಜಾಗದಲ್ಲಿ ಹಿಡಿಯಬೇಕು, ಮಾಲೇ ಅದಲುಬದಲಾದದ್ದನ್ನ ತೂಕ ಹಿಡಿಯಬೇಕು. ಒಂದರ ಕುರುಡಿಗೆ ಇನ್ನೊಂದು ಕಣ್ಣು. ಯಾವ ಮಾಲಿಗೆ ಯಾವ ಉಪಕರಣ ಅಂತ ಹೊಂದಿಸೋದರಲ್ಲೇ ಅರ್ಧ ಸಮಯ ಉಳಿಯುತ್ತೆ. ಎಲ್ಲದಕ್ಕೂ ಒಂದೇ ಯಂತ್ರ ಅಂದ್ರೆ ನಮ್ಮ ಕಲ್ಲು ಕೊನೆಗೆ ಬಿಚ್ಚೋ ಸಾಲಿಗೇ ಬಂದು ನಿಲ್ಲುತ್ತೆ.

ಬಾಗಿಲು ತೆರೆದಿರುವಾಗಲೇ ನೋಡಿ

ಇನ್ನೂ ಸುಲಭವಾದ ಮಾತೊಂದಿದೆ. ಕಂಟೇನರ್ ಒಳಗೆ ಏನಿದೆ ಅಂತ ನೋಡೋಕೆ ಅತಿ ಸುಲಭವಾದ ಹೊತ್ತು ಯಾವುದು? ಅದನ್ನ ತುಂಬುವಾಗ! ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಅಂಗಳದಲ್ಲಿ ಕಲ್ಲು ಏರಿಸುವಾಗ ನೋಡಬಹುದಾದ್ದನ್ನ ನೂರಾರು ಕಿಲೋಮೀಟರ್ ದೂರದ ಚೆನ್ನೈನಲ್ಲೋ ತೂತ್ತುಕುಡಿಯಲ್ಲೋ ಮತ್ತೆ ಇಳಿಸಿ ನೋಡೋದು ಎರಡು ಪಟ್ಟು ಕೆಲಸ.

2017ರಲ್ಲಿ ಬಂದ ಇ-ಸೀಲ್ ವ್ಯವಸ್ಥೆ ಇದೇ ಆಲೋಚನೆಯದ್ದು. ಮೊದಲು ಕಾರ್ಖಾನೆಯಲ್ಲೇ ಮಾಲು ತುಂಬಬೇಕಾದ್ರೆ ಅಧಿಕಾರಿ ಬಂದು ಎದುರಲ್ಲಿ ನಿಂತು ಸೀಲ್ ಹಾಕಬೇಕಿತ್ತು. ಅವರು ಬರೋ ದಿನಕ್ಕೆ ಕಾಯಬೇಕಿತ್ತು. ಈಗ ಅನುಮತಿ ಪಡೆದ ರಫ್ತುದಾರ ತಾನೇ ಎಲೆಕ್ಟ್ರಾನಿಕ್ ಸೀಲ್ ಹಾಕಿ, ಸೀಲಿನ ಸಂಖ್ಯೆ, ಕಂಟೇನರ್ ಸಂಖ್ಯೆ, ಲಾರಿ ಸಂಖ್ಯೆ, ಹಾಕಿದ ಹೊತ್ತು ಎಲ್ಲ ದಾಖಲಿಸ್ತಾನೆ. ಬಂದರಿನ ಗೇಟಿನಲ್ಲಿ ರೀಡರ್ ಹಿಡಿದು ಓದ್ತಾರೆ. ಎಲ್ಲ ಹೊಂದಿದ್ರೆ, ಕಂಪ್ಯೂಟರ್ ಬೇರೆ ಕಾರಣಕ್ಕೆ ಆರಿಸದೇ ಇದ್ರೆ, ಮುಂದಕ್ಕೆ ಬಿಡ್ತಾರೆ.

ಇದರಲ್ಲೂ ತೂತಿದೆ, ಮುಚ್ಚಿಡೋದು ಬೇಡ. ಸೀಲು ಹಾಗೇ ಇದ್ದು, ಬಾಗಿಲಿನ ಬೋಲ್ಟನ್ನೇ ಬಿಚ್ಚಿ ದಾರಿಯಲ್ಲಿ ಮಾಲು ಬದಲಿಸಿದ ಪ್ರಕರಣಗಳಿವೆ. ಅದಕ್ಕೇ ಸೀಲೊಂದನ್ನೇ ನಂಬಬಾರದು. ಹೊರಟ ಹೊತ್ತು ಮತ್ತು ತಲುಪಿದ ಹೊತ್ತನ್ನ ತಾಳೆ ನೋಡಬೇಕು. ಹತ್ತು ಗಂಟೆಯ ದಾರಿಗೆ ಇಪ್ಪತ್ತೆರಡು ಗಂಟೆ ಹಿಡಿದಿದ್ರೆ ಎಲ್ಲಿ ನಿಂತಿದ್ದೆ ಅಂತ ಕೇಳಬೇಕು. ಕೇಳೋವಾಗ ನಮ್ಮ ದಾರಿಯನ್ನೂ ತಿಳಿದಿರಬೇಕು. ಸತ್ಯಮಂಗಲದ ಕಡೆಗೆ ದಿಂಬಂ ಘಟ್ಟದಲ್ಲಿ 27 ಕಡಿದಾದ ತಿರುವು, ಭಾರಿ ಲಾರಿಗಳಿಗೆ ಅಲ್ಲಿ ನಿರ್ಬಂಧ. ವಯನಾಡಿನ ಕಡೆಗೂ ಊಟಿ ಕಡೆಗೂ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಲಾರಿ ಬಿಡಲ್ಲ, 2009ರಿಂದಲೂ ಹೀಗೇ. ಇಲ್ಲಿನ ಚಾಲಕ ತಡವಾಗಿ ಬಂದ ಅಂದ್ರೆ ಎಲ್ಲ ಸಲವೂ ಕಳ್ಳಾಟ ಅಲ್ಲ.

ಗುಂಡ್ಲುಪೇಟೆಯ ಸಾಲು ಕಲಿಸೋ ಪಾಠ

ರಾತ್ರಿ ಸಂಚಾರದ ಮಾತು ಬಂತಲ್ಲ, ಗುಂಡ್ಲುಪೇಟೆಯವರಿಗೆ ಚೆನ್ನಾಗಿ ಗೊತ್ತಿರೋದೊಂದನ್ನ ಇಲ್ಲಿ ಹೇಳಬೇಕು. ಬೆಳಗ್ಗೆ ಆರಕ್ಕೆ ಗೇಟು ತೆಗೆಯೋ ಹೊತ್ತಿಗೆ ರಾತ್ರಿಯೆಲ್ಲ ನಿಂತ ಲಾರಿಗಳು ಒಟ್ಟಿಗೇ ಹೊರಡ್ತವೆ. ಆಗ ಮುಂದಿನ ಪ್ರತಿ ತಪಾಸಣೆಯ ಜಾಗದಲ್ಲೂ ಜನಜಂಗುಳಿ. ಮಧ್ಯಾಹ್ನ ಅದೇ ಜಾಗ ಖಾಲಿ ಹೊಡೀತಿರುತ್ತೆ.

ಇದನ್ನ ಲೆಕ್ಕಕ್ಕೆ ಇಳಿಸೋಣ. ಒಂದು ತಪಾಸಣೆಗೆ ಅರ್ಧ ಗಂಟೆ, ದಿನಕ್ಕೆ 16 ಲಾರಿ. ಅರ್ಧರ್ಧ ಗಂಟೆಗೆ ಒಂದೊಂದೇ ಬಂದ್ರೆ ಯಾರೂ ಕಾಯಬೇಕಿಲ್ಲ. ಹದಿನಾರೂ ಆರು ಗಂಟೆಗೇ ಬಂದು ನಿಂತ್ರೆ? ಕೊನೆಯವನು ಏಳೂವರೆ ಗಂಟೆ ಕಾಯ್ತಾನೆ, ಸರಾಸರಿ ಮೂರೂಮುಕ್ಕಾಲು ಗಂಟೆ. ಅಧಿಕಾರಿಗಳು ಅಷ್ಟೇ, ಕೆಲಸ ಅಷ್ಟೇ, ವೇಗವೂ ಅಷ್ಟೇ. ಬದಲಾಗಿದ್ದು ಬಂದ ಹೊತ್ತು ಮಾತ್ರ.

ಬಂದರಿನಲ್ಲೂ ಇದೇ ಕಥೆ. ಹಡಗಿಗೆ ಮಾಲು ಒಪ್ಪಿಸೋಕೆ ಕಟ್-ಆಫ್ ಅಂತ ಒಂದು ಗಡುವು ಇರುತ್ತೆ, ಎಲ್ಲರೂ ಗಡುವಿನ ಹತ್ತಿರವೇ ಬರ್ತಾರೆ. ಹೊಸ ಸ್ಕ್ಯಾನರ್ ತರೋ ಮೊದಲು ಲಾರಿಗೆ ಹೊತ್ತು ಗೊತ್ತು ಮಾಡಿ ಕರೆಯೋ ಪದ್ಧತಿ ತಂದ್ರೆ, ಕಮ್ಮಿ ಖರ್ಚಿನಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ಇದಕ್ಕಿಂತ ಮುಂದಿನ ಹೆಜ್ಜೆ ಅಂದ್ರೆ ಒಳನಾಡಿನಲ್ಲೇ ಕಸ್ಟಮ್ಸ್ ಮುಗಿಸೋದು. ಬೆಂಗಳೂರಿನ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ ಬಹಳ ವರ್ಷಗಳಿಂದ ಇದೇ ಕೆಲಸ ಮಾಡ್ತಿದೆ. ಮೈಸೂರು–ಚಾಮರಾಜನಗರ ರೈಲು ಹಾದಿಯಲ್ಲೇ ಇರೋ ಕಡಕೊಳದಲ್ಲೂ ಕಂಟೇನರ್ ಕಾರ್ಪೊರೇಷನ್‌ನ ಡಿಪೋ ಇದೆ. ಇಂಥ ಕಡೆ ತಪಾಸಣೆ ಮುಗಿಸಿ ರೈಲಿಗೆ ಏರಿಸಿದ ಕಂಟೇನರ್ ಬಂದರಿನ ಗೇಟಿನ ಸಾಲಿಗೆ ಹೊರೆಯಾಗಲ್ಲ.

ತಪಾಸಣೆಯನ್ನ ಎಲ್ಲಿ ಮಾಡಬೇಕು ಅನ್ನೋ ಪ್ರಶ್ನೆ ನಮಗೆ ಹೊಸದಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಹೋದವು, 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂತು. ಲಾರಿ ನಿಲ್ಲಿಸಿ ಕಾಗದ ನೋಡೋ ಬದಲು ಕಾಗದವೇ ಲಾರಿಗಿಂತ ಮುಂಚೆ ಹೋಗೋ ಹಾಗಾಯ್ತು. ಬಂದರಿನಲ್ಲಿ ಆಗಬೇಕಾದ್ದೂ ಅದೇ.

ಸಣ್ಣ ಘಟಕದವರು ಏನು ಮಾಡಬಹುದು?

ಇಲ್ಲಿ ನನ್ನ ನಿಜವಾದ ಚಿಂತೆ ಹೇಳ್ತೀನಿ. ರಿಸ್ಕ್ ಲೆಕ್ಕ ಹಳೇ ದಾಖಲೆಯ ಮೇಲೂ ನಿಂತಿರೋದರಿಂದ ದೊಡ್ಡ ಕಂಪನಿಗೆ ಅದು ಸುಲಭ. ವರ್ಷಕ್ಕೆ ನೂರಾರು ಕಂಟೇನರ್ ಕಳಿಸ್ತಾರೆ, ಹೆಸರು ಗಟ್ಟಿ. ವರ್ಷಕ್ಕೆ ಹನ್ನೆರಡು ಕಳಿಸೋ ನಮ್ಮವರಿಗೆ ಆ ಹೆಸರು ಕಟ್ಟೋಕೇ ವರ್ಷಗಳು ಬೇಕು. ಹೆಸರಿಲ್ಲದವರನ್ನ ವ್ಯವಸ್ಥೆ ಅಪರಿಚಿತರ ಥರ ನೋಡುತ್ತೆ. ಮಾಡದ ತಪ್ಪಿಗೆ ಕಾಯೋದು ಅಂದ್ರೆ ಇದೇ.

ಇದಕ್ಕೆ ಒಂದು ದಾರಿ ಎಇಒ, ಅಂದ್ರೆ ‘ಅಧಿಕೃತ ಆರ್ಥಿಕ ನಿರ್ವಾಹಕ’ ಅನ್ನೋ ಮಾನ್ಯತೆ. ಲೆಕ್ಕಪತ್ರ, ಭದ್ರತೆ ಎಲ್ಲ ಸರಿಯಿದೆ ಅಂತ ಕಸ್ಟಮ್ಸ್ ಒಪ್ಪಿದ್ರೆ ತಪಾಸಣೆ ಕಮ್ಮಿ ಆಗುತ್ತೆ. 2020ರ ಕೊನೆಯಲ್ಲಿ ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳಿಗೆ ನಿಯಮ ಸಡಿಲಿಸಿದರು. ವರ್ಷಕ್ಕೆ ಕಸ್ಟಮ್ಸ್‌ನ 25 ದಾಖಲೆ ಇರಬೇಕು ಅನ್ನೋದು ಅವರಿಗೆ 10ಕ್ಕೆ ಇಳೀತು. ವರ್ಷಕ್ಕೆ ಹನ್ನೆರಡು ಕಂಟೇನರ್, ಪ್ರತಿಯೊಂದಕ್ಕೂ ಬೇರೆ ಬೇರೆ ಶಿಪ್ಪಿಂಗ್ ಬಿಲ್ ಹಾಕೋರು ಈ ಲೆಕ್ಕದೊಳಗೆ ಬರ್ತಾರೆ.

ಉಳಿದದ್ದು ಅಂಗಳದಲ್ಲೇ ಮಾಡೋ ಕೆಲಸ. ಸರಕಿನ ಕೋಡ್ ಸರಿಯಿರಲಿ. ಒರಟು ಬ್ಲಾಕ್ 25ನೇ ಅಧ್ಯಾಯಕ್ಕೆ ಸೇರುತ್ತೆ, ಕೆತ್ತಿ ಪಾಲಿಶ್ ಮಾಡಿದ ಸ್ಮಾರಕ ಶಿಲೆ 68ಕ್ಕೆ. ಇಲ್ಲಿ ತಪ್ಪಿದ್ರೆ ಮಾಲು ಸಾಚಾ ಆದ್ರೂ ಪ್ರಶ್ನೆ ಏಳುತ್ತೆ. ಕಂಟೇನರ್ ಸಂಖ್ಯೆ ಬರೆಯುವಾಗ ನಾಲ್ಕು ಅಕ್ಷರ, ಏಳು ಅಂಕಿ ಇದೆಯಾ ನೋಡಿ. ಕೊನೆಯ ಅಂಕಿ ಸುಮ್ಮನೆ ಬಂದದ್ದಲ್ಲ, ಮುಂದಿನ ಹತ್ತರಿಂದ ಲೆಕ್ಕ ಹಾಕಿ ಬಂದದ್ದು. ಒಂದು ಅಂಕಿ ತಪ್ಪಿದ್ರೂ ಸಾಮಾನ್ಯವಾಗಿ ಲೆಕ್ಕ ಕೂಡಲ್ಲ, ಕಂಪ್ಯೂಟರ್ ತಡೆಯುತ್ತೆ.

ಮರದ ಕ್ರೇಟ್ ಬಗ್ಗೆ ಬಹಳ ಜನ ಅಸಡ್ಡೆ ಮಾಡ್ತಾರೆ. ಮರದೊಳಗಿನ ಹುಳ ಬೇರೆ ದೇಶಕ್ಕೆ ಹೋಗಬಾರದು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಶಾಖ ಕೊಡೋದಾದ್ರೆ ಮರದ ನಡುಭಾಗವೂ 56 ಡಿಗ್ರಿಗೆ ಬಂದು 30 ನಿಮಿಷ ಇರಬೇಕು, ಅದರ ಮುದ್ರೆ ಕ್ರೇಟ್ ಮೇಲೆ ಕಾಣಬೇಕು. ಕಲ್ಲು ಎಷ್ಟು ಒಳ್ಳೇದಿದ್ರೂ ಮುದ್ರೆ ಇಲ್ಲದ ಮರದಿಂದಾಗಿ ಆ ಕಡೆಯ ಬಂದರಿನಲ್ಲಿ ಇಡೀ ಕಂಟೇನರ್ ನಿಲ್ಲಬಹುದು.

ತುಂಬುವಾಗ ಖಾಲಿ, ಅರ್ಧ, ಪೂರ್ತಿ, ಸೀಲ್ ಹಾಕಿದ ಮೇಲೆ, ಹೀಗೆ ನಾಲ್ಕು ಫೋಟೋ ತೆಗೆದಿಡಿ. ಪ್ಯಾಕಿಂಗ್ ಪಟ್ಟಿಯಲ್ಲಿ ಘನ ಮೀಟರ್ ಲೆಕ್ಕ ಹಾಕಿ, ಪಕ್ಕದಲ್ಲೇ ವೇಬ್ರಿಡ್ಜ್ ಚೀಟಿಯ ತೂಕ ಬರೆಯಿರಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿಯಲ್ಲಿರೋ ಪ್ರಮಾಣಕ್ಕೂ ಇದಕ್ಕೂ ತಾಳೆ ಇರಲಿ. ಅಧಿಕಾರಿ ಕೇಳಿದಾಗ ಹುಡುಕೋದಲ್ಲ, ಕೇಳೋ ಮೊದಲೇ ಕೈಲಿರಬೇಕು.

ಸರ್ಕಾರದ ಕಡೆಯಿಂದ ಆಗಬೇಕಾದ್ದೂ ಇದೆ. ಬಿಚ್ಚಿ ನೋಡಿ ಏನೂ ಸಿಗದೇ ಇದ್ದಾಗ, ಆ ಫಲಿತಾಂಶ ರಫ್ತುದಾರನ ದಾಖಲೆಗೆ ಒಳ್ಳೇ ಅಂಕವಾಗಿ ಸೇರಬೇಕು, ಅದು ಅವನಿಗೆ ಕಾಣಬೇಕು. ಹಾಗಾದಾಗ ಒಂದು ಸಲ ಕಾದಿದ್ದಕ್ಕೆ ಮುಂದಿನ ಸಲ ಬೇಗ ಬಿಡುಗಡೆ ಅನ್ನೋ ಭರವಸೆ ಬರುತ್ತೆ. ಬರೀ ಕಾಯಿಸಿ, ಖರ್ಚನ್ನೂ ಅವನ ತಲೆಗೇ ಕಟ್ಟಿ, ಮುಂದಿನ ಸಲ ಮತ್ತೆ ಅಪರಿಚಿತ ಅಂದ್ರೆ ಸಣ್ಣವರು ದೊಡ್ಡವರಿಗೆ ಕಲ್ಲು ಮಾರಿ ಸುಮ್ಮನಾಗ್ತಾರೆ. ಆಗ ಕಲ್ಲು ನಮ್ಮದು, ಹೆಸರು ಮತ್ತು ಲಾಭ ಇನ್ಯಾರದ್ದೋ.

ಬಂದರಿನ ತಪಾಸಣೆ ಬೇಗ ಆಗೋದು ಅಂದ್ರೆ ಕಣ್ಣುಮುಚ್ಚಿ ಬಿಡೋದಲ್ಲ. ಯಾವುದನ್ನ ನೋಡಬೇಕು, ಎಲ್ಲಿ ನೋಡಬೇಕು, ಯಾವುದರಿಂದ ನೋಡಬೇಕು ಅನ್ನೋದನ್ನ ಮೊದಲೇ ತೀರ್ಮಾನ ಮಾಡೋದು. ನಿಮ್ಮ ಊರಿನ ಕಲ್ಲು, ಅರಿಶಿನ, ಹೂವು ಹೊರದೇಶಕ್ಕೆ ಕಳಿಸುವಾಗ ಎಲ್ಲಿ ಹೊತ್ತು ಹೋಗ್ತಿದೆ ಅಂತ ನಿಮಗೆ ಅನುಭವ ಇದ್ರೆ ನಮಗೆ ಬರೆಯಿರಿ.